ಸದರಿ ಮತ್ತು ಬೀಗ

2020ರ ಮಳೆಗಾಲದಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಜಡಿದು, ಕಂಪನಿಯ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದ ಸಾವಿರಾರು ಜನರಲ್ಲಿ ನಾನೂ ಒಬ್ಬ. ನಮ್ಮದು ಹೊಸನಗರ ತಾಲ್ಲೂಕು, ನಗರ ಹೋಬಳಿ. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಒಂದು ಕಡ್ಡಿ, ಕೊಟ್ಟಿಗೆ ಹಿಂದಿನ ದರೆ ಹತ್ತಿದರೆ ಎರಡು. ಮಳೆ ಜೋರು ಹಿಡಿದರೆ ಅದೂ ಇಲ್ಲ. ಆನ್‌ಲೈನ್ ಪಾಠ ಕೇಳುವುದಕ್ಕೆ ಮಕ್ಕಳು ಗುಡ್ಡದ ಮೇಲೆ ಕೊಡೆ ಹಿಡಿದು ಕೂರುತ್ತಿದ್ದ ಕಾಲವದು. ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕುವುದಿಲ್ಲ ಎಂದು ನಮ್ಮ ಕಡೆಯ ಹಳ್ಳಿಗಳು ಹಟ ಹಿಡಿದದ್ದೂ ಆಮೇಲೆ ಸುದ್ದಿಯಾಯಿತು.

ವಿಡಿಯೊ ಮೀಟಿಂಗ್ ಶುರುವಾದರೆ ಮ್ಯಾನೇಜರ ಮುಖ ಬಾಯಿ ತೆರೆದ ಸ್ಥಿತಿಯಲ್ಲೇ ಕಲ್ಲಾಗುತ್ತಿತ್ತು. ನನ್ನ ನಿಜವಾದ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಸಾಲಿಗೆ 80 ಅಕ್ಷರದಂತೆ 24 ಸಾಲು. ಒಂದು ಪರದೆ ತುಂಬ ಅಂದರೆ 1,920 ಅಕ್ಷರ, ಅಷ್ಟೇ. ಸಾಗರಗಳಾಚೆ ಎಲ್ಲೋ ಇರುವ ಮೇನ್‌ಫ್ರೇಮ್ ಕಂಪ್ಯೂಟರೊಂದು ನಮ್ಮ ಜಗಲಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಆರಾಮಾಗಿ ಮಾತಾಡುತ್ತಿತ್ತು.

ಆಗ ತೀರ್ಥಹಳ್ಳಿ ಕಡೆಯ ದೊಡ್ಡಪ್ಪ ನಮ್ಮಲ್ಲೇ ಉಳಿದುಬಿಟ್ಟಿದ್ದರು. ಹಳ್ಳಿಯ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ನನ್ನ ಹೆಗಲ ಮೇಲಿಂದ ಇಣುಕಿ, "ಎಂತದೋ ಇದು? ಹಳೇ ಕಾಲದ ರೈಲ್ವೆ ಟಿಕೆಟ್ ಕೌಂಟರಿನದ್ದು ಇದ್ದ ಹಾಗಿದೆ. ಇದಕ್ಕಾ ನಿಂಗೆ ಅಷ್ಟು ಸಂಬಳ ಕೊಡೋದು?" ಅಂದರು. ಅವತ್ತು ನಗುತ್ತಾ ಕೊಡಲು ಹೊರಟ ಉತ್ತರ ಮಳೆಗಾಲ ಮುಗಿಯುವವರೆಗೂ ಮುಗಿಯಲಿಲ್ಲ. ಈ ಅಂಕಣ ಅದರ ಸಾರ.

ಆ ಹಸಿರು ಪರದೆ ದುರ್ಬಲ ನೆಟ್‌ವರ್ಕಿನಲ್ಲೂ ಓಡುವುದಕ್ಕೆ ಅದರ ಜಿಪುಣತನ ಕಾರಣ. 3270 ಎಂದು ಕರೆಯುವ ಈ ಟರ್ಮಿನಲ್ ವ್ಯವಸ್ಥೆ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ. ಆಗ ದೂರವಾಣಿ ತಂತಿಯ ಮೇಲೆ ಕಳಿಸುವ ಒಂದೊಂದು ಅಕ್ಷರಕ್ಕೂ ಬೆಲೆ ಇತ್ತು. ಹಾಗಾಗಿ ಪರದೆಯಲ್ಲಿ ನಾನು ತಿದ್ದಿದ ಜಾಗಗಳಷ್ಟೇ ಆಚೆ ಹೋಗುತ್ತವೆ, ಉಳಿದದ್ದು ಹೋಗುವುದಿಲ್ಲ. ಪರದೆಯ ಅಡ್ಡಕ್ಕೆ ಎಪ್ಪತ್ತು ಗೆರೆಗುರುತು ಎಳೆಯಬೇಕಾದರೆ ಎಪ್ಪತ್ತನ್ನೂ ಕಳಿಸುವುದಿಲ್ಲ. 'ಇಲ್ಲಿಯವರೆಗೂ ಇದೇ ಅಕ್ಷರ' ಎಂದು ಒಂದು ಅಪ್ಪಣೆ ಬರುತ್ತದೆ.

ಇಷ್ಟು ಹೇಳುತ್ತಿದ್ದಂತೆ ದೊಡ್ಡಪ್ಪ, "ಓ, ಸದರಿ!" ಅಂದರು.

ನಾನು ಪುಸ್ತಕ ಓದಿ ಕಲಿತದ್ದನ್ನು ಅವರು ಒಂದು ಶಬ್ದದಲ್ಲಿ ಮುಗಿಸಿದ್ದರು. ಶಾನುಭೋಗರ ಕಾಲದಿಂದ ನಮ್ಮ ಕಡತಗಳೆಲ್ಲ ನಿಂತಿರುವುದೇ ಈ 'ಸದರಿ'ಯ ಮೇಲೆ. ಸದರಿ ಗ್ರಾಮ, ಸದರಿ ಸರ್ವೆ ನಂಬರು, ಸದರಿಯವರ ಮಗ. ಲೆಡ್ಜರಿನಲ್ಲಿ ಅದನ್ನೂ ಬರೆಯಲು ಬೇಸರವಾದರೆ ಎರಡು ಚಿಕ್ಕ ಗೆರೆ. ಮೇಲೆ ಒಮ್ಮೆ ಬರೆದದ್ದನ್ನು ಮತ್ತೆ ಬರೆಯದೆ ಬೆರಳು ಮಾಡಿ ತೋರಿಸುವ ಈ ಉಪಾಯವೇ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡುವ ವಿದ್ಯೆಯ ತಳಪಾಯ. ಇಸ್ರೇಲಿನ ಹೈಫಾ ನಗರದ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ ಇದನ್ನು 1977ರಲ್ಲಿ ಗಣಿತದ ಭಾಷೆಯಲ್ಲಿ ಇಟ್ಟರು. ಇಬ್ಬರೂ 2023ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ನಾವು ದಿನಬೆಳಗಾದರೆ ಬಳಸುವ ಜಿಪ್ ಫೈಲು ಅವರ ಸಂತಾನ. ಅದು ಹಿಂದಿನ 32,768 ಅಕ್ಷರಗಳವರೆಗೆ ತಿರುಗಿ ನೋಡಿ, 'ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ನಕಲು ಮಾಡು' ಎಂದು ಬರೆದಿಡುತ್ತದೆ. ಸದರಿ ಅನ್ನುವಾಗ ಗುಮಾಸ್ತರು ಯಾವ ಸಾಲಿನ ಸದರಿ ಎಂಬುದನ್ನು ಓದುವವನ ಊಹೆಗೆ ಬಿಡುತ್ತಿದ್ದರು. ಎಷ್ಟು ದಾವೆಗಳು ಅದರಿಂದಲೇ ಹುಟ್ಟಿದವೋ! ಯಂತ್ರ ಆ ಉದಾರತೆ ತೋರುವುದಿಲ್ಲ.

ಇದಕ್ಕೆ ಇನ್ನೊಂದು ಉಪಾಯ ಜೋಡಿಯಾಗುತ್ತದೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರ್ ಕೂಗುವುದನ್ನು ಕೇಳಿ. 'ತೀರ್ಥಹಳ್ಳಿ' ಎಂದು ಪೂರ್ತಿ ಯಾವ ಕಂಡಕ್ಟರೂ ಅಂದದ್ದಿಲ್ಲ. ತೀರ್ಥಳ್ಳಿ, ಹೊಸ್ನಗ್ರ, ಸಾಗ್ರ. ದಿನಕ್ಕೆ ನೂರು ಸಲ ಹೇಳಬೇಕಾದ ಹೆಸರು ಸವೆದು ಚಿಕ್ಕದಾಗುತ್ತದೆ; ವರ್ಷಕ್ಕೊಮ್ಮೆ ಹೇಳುವ ಹೆಸರು ಇದ್ದಷ್ಟೇ ಉದ್ದ ಉಳಿಯುತ್ತದೆ. ಹೆಚ್ಚು ಬಳಕೆಯ ಅಕ್ಷರಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು ಎಂಬ ಈ ಹಂಚಿಕೆಯನ್ನು ಅತ್ಯಂತ ಚೊಕ್ಕವಾಗಿ ಮಾಡುವ ಕ್ರಮವನ್ನು ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಕಂಡುಹಿಡಿದ. ಎಂಐಟಿಯಲ್ಲಿ ಮೇಷ್ಟ್ರು ಪರೀಕ್ಷೆಯ ಬದಲು ಒಂದು ಪ್ರಬಂಧ ಬರೆಯಬಹುದು ಅಂದಿದ್ದರು. ಪರೀಕ್ಷೆ ತಪ್ಪಿಸಿಕೊಳ್ಳಲು ಬರೆದ ಪ್ರಬಂಧವದು. 1952ರಲ್ಲಿ ಪ್ರಕಟವಾಯಿತು. ಸದರಿ ಮತ್ತು ಕಂಡಕ್ಟರ್ ಕೂಗು, ಎರಡನ್ನೂ ಬೆಸೆದು ಫಿಲ್ ಕಾಟ್ಜ್ ಎಂಬಾತ 1990ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನಕ್ಕೆ ಡಿಫ್ಲೇಟ್ ಎಂದು ಹೆಸರು.

ಇದರಿಂದ ಎಷ್ಟು ಉಳಿಯುತ್ತದೆ ಎಂದು ದೊಡ್ಡಪ್ಪ ಕೇಳಿದಾಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬ್ಯಾಂಕಿನ ಮೇನ್‌ಫ್ರೇಮ್ ಫೈಲುಗಳಲ್ಲಿ ಊರಿನ ಹೆಸರಿಗೆಂದು ಮೊದಲೇ, ಹೇಳೋಣ, 30 ಅಕ್ಷರದ ಜಾಗ ಕಾದಿರಿಸಿರುತ್ತಾರೆ. ಕೊಬಾಲ್ ಭಾಷೆಯ ಹಳೇ ಅಭ್ಯಾಸ. ಇಂಗ್ಲಿಷಿನಲ್ಲಿ ಸಾಗರ ಎಂದು ಬರೆದರೆ ಆರು ಅಕ್ಷರ. ಮೇನ್‌ಫ್ರೇಮಿನ ಎಬ್ಸಿಡಿಕ್ ಎಂಬ ಲಿಪಿಸಂಕೇತದಲ್ಲಿ ಅವು 226, 193, 199, 193, 217, 193. ಆಮೇಲೆ? ಇಪ್ಪತ್ತನಾಲ್ಕು ಖಾಲಿ ಜಾಗ: 64, 64, 64 ಎಂದು ಇಪ್ಪತ್ತನಾಲ್ಕು ಸಲ. ಖಾಲಿ ಚೀಲವನ್ನೂ ಲಾರಿಗೆ ಹೇರಿ ಬಾಡಿಗೆ ಕೊಟ್ಟ ಹಾಗೆ. ಒತ್ತುವ ಯಂತ್ರಕ್ಕೆ ಇಂಥ ಫೈಲು ಸಿಕ್ಕರೆ ಹಬ್ಬ.

ಕನ್ನಡದ ಲೆಕ್ಕ ಇನ್ನೂ ಮಜವಾಗಿದೆ. ಇವತ್ತು ಎಲ್ಲ ಕಡೆ ಬಳಕೆಯಲ್ಲಿರುವ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತದ ಗುರುತು ಬೇರೆ ಚಿಹ್ನೆ, ಅರ್ಧಾಕ್ಷರದ ಗುರುತು ಬೇರೆ. ಹಾಗೆ 'ಸಾಗರ' 12 ಬೈಟ್, 'ಹೊಸನಗರ' 18, 'ತೀರ್ಥಹಳ್ಳಿ' 30. ಮೂರು ತಾಲ್ಲೂಕಿನ ಹೆಸರು ಬರೆಯಲು 60 ಬೈಟ್ ಖರ್ಚು. ಆದರೆ ಒಳಗೆ ಹೊಕ್ಕು ನೋಡಿದರೆ ಪ್ರತಿ ಮೂರರಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ನಿಜವಾದ ಸುದ್ದಿ ಇರುವುದು ಮೂರನೆಯ ಬೈಟಿನಲ್ಲಿ ಮಾತ್ರ. 'ಸಾಗರ'ದ ಹನ್ನೆರಡು ಬೈಟಿನಲ್ಲಿ ಎಂಟು ಬರೀ 224, 178ರ ಭಜನೆ. ಕನ್ನಡ ಕಂಪ್ಯೂಟರಿಗೆ ಭಾರ ಎಂದು ಮೂಗು ಮುರಿಯುವವರಿಗೆ ಇದನ್ನು ತೋರಿಸಬೇಕು. ಒತ್ತಿದ ಮೇಲೆ ಆ ಭಾರ ಬಹುಪಾಲು ಇಳಿದುಹೋಗುತ್ತದೆ.

ಇಲ್ಲಿ ದೊಡ್ಡಪ್ಪ ಅಡಿಕೆಯ ಹೋಲಿಕೆ ತಂದರು. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು-ಹದಿಮೂರು ಕಿಲೋ ಉಳಿಯುತ್ತದೆಂಬುದು ನಮ್ಮಲ್ಲಿ ಬಾಯಿಲೆಕ್ಕ. ಹಾಗೆಯೇ ಇದೂ ಅಲ್ಲವಾ ಅಂದರು. ಪೂರ್ತಿ ಹಾಗಲ್ಲ. ಒಣ ಅಡಿಕೆ ನೀರಲ್ಲಿ ನೆನೆಸಿದರೆ ಹಸಿ ಅಡಿಕೆಯಾಗುವುದಿಲ್ಲ, ಹೋದದ್ದು ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಬರುವ ಫೋಟೊ ಈ ಜಾತಿಯದು, ಒಂದಿಷ್ಟು ವಿವರ ಒಣಗಿಯೇ ಬರುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಆ ಆಟ ನಡೆಯುವುದಿಲ್ಲ. ಬಿಚ್ಚಿದಾಗ ಒಂದು ಪೈಸೆ, ಒಂದು ಚುಕ್ಕೆ ಬದಲಾಗದೆ ಮೊದಲಿದ್ದಂತೆಯೇ ಸಿಗಬೇಕು. ಅಡಿಕೆಯ ಹೋಲಿಕೆ ಇಲ್ಲಿ ಕೈಕೊಟ್ಟಿತು, ಆದರೆ ಅದರಲ್ಲಿ ಇನ್ನೊಂದು ಉಪಯೋಗವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮೇನ್‌ಫ್ರೇಮ್ ಎಂದರೇನು ಎನ್ನುವ ಮಾತು. ಐಬಿಎಂ ಕಂಪನಿ ತನ್ನ ಸಿಸ್ಟಮ್/360 ಸಾಲಿನ ಯಂತ್ರಗಳನ್ನು ಘೋಷಿಸಿದ್ದು 1964ರ ಏಪ್ರಿಲ್ 7ರಂದು. ನಮ್ಮ ಲಿಂಗನಮಕ್ಕಿ ಅಣೆಕಟ್ಟೂ 1964ರದ್ದೇ. ಲಿಂಗನಮಕ್ಕಿಯ ನೀರಿನಡಿ ಇನ್ನೊಂದು ಅಣೆಕಟ್ಟು ಮುಳುಗಿದೆ. 1948ರಲ್ಲಿ ಮುಗಿದ, ಮಡೆನೂರು ಅಣೆಕಟ್ಟು ಎಂದೂ ಕರೆಯುವ ಹಿರೇಭಾಸ್ಕರ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮೇನ್‌ಫ್ರೇಮಿನ ಒಳಗೂ ಹೀಗೇ: ಹೊಸ ಯಂತ್ರದ ಅಡಿಯಲ್ಲಿ ಹಳೆಯದು ಮುಳುಗಿ ಕೂತಿದೆ. ವ್ಯತ್ಯಾಸ ಇಷ್ಟೇ, ಹಿರೇಭಾಸ್ಕರ ಕೆಲಸ ನಿಲ್ಲಿಸಿತು, ಇಲ್ಲಿ ಐವತ್ತು ವರ್ಷದ ಹಿಂದೆ ಬರೆದ ಕಾರ್ಯಕ್ರಮ ಇವತ್ತಿನ ಯಂತ್ರದಲ್ಲೂ ಓಡುತ್ತದೆ. ಒಂದು ದಿನಕ್ಕೆ ಕೋಟಿಗಟ್ಟಲೆ ವ್ಯವಹಾರ ನಡೆಸುವ, ನಿಂತರೆ ದೇಶದ ಹಣಕಾಸೇ ತಡವರಿಸುವಂಥ ಜಾಗಗಳಲ್ಲಿ ಇದನ್ನು ಇಟ್ಟುಕೊಳ್ಳುವುದು ಅದಕ್ಕೇ.

ಕರ್ನಾಟಕಕ್ಕೂ ಇದು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲೇ ಐಬಿಎಂ 360/44 ಇತ್ತು. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ ವಿದೇಶಿ ವಿನಿಮಯ ಕಾನೂನಿನ ಜಗಳದಲ್ಲಿ ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿತು, 1992ರಲ್ಲಿ ಟಾಟಾ ಜೊತೆಗೂಡಿ ಬೆಂಗಳೂರಿಗೇ ಮರಳಿತು. ಅದರ ಬೆನ್ನಿಗೇ ಮಲೆನಾಡಿನ ಎಷ್ಟೋ ಹುಡುಗರು ಹುಡುಗಿಯರು ಕೊಬಾಲ್ ಕಲಿತು, ತಾವು ಎಂದೂ ಕಾಲಿಡದ ದೇಶಗಳ ಬ್ಯಾಂಕುಗಳ ಲೆಕ್ಕ ಕಾಯುವ ಕೆಲಸಕ್ಕೆ ಕೂತರು. ನಾನು ಆ ಸಾಲಿನವ.

ಒತ್ತುವ ಕೆಲಸಕ್ಕೆ ಬೇರೆ ಯಂತ್ರಾಂಶ ಯಾಕೆ, ಸಾಫ್ಟ್‌ವೇರ್ ಸಾಲದೆ ಎಂಬ ಪ್ರಶ್ನೆಗೆ ಉತ್ತರ ಅಡಿಕೆಮನೆಯಲ್ಲಿದೆ. ಕೊಯ್ಲಿನ ಕಾಲದಲ್ಲಿ ಹಿಂದೆ ರಾತ್ರಿಯಿಡೀ ಮೆಟ್ಟುಗತ್ತಿ ಹಾಕಿಕೊಂಡು ಕೂತು ಸುಲಿಯುತ್ತಿದ್ದರು. ಈಗ ಜನ ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೆಚ್ಚು, ಮೂಲೆಯಲ್ಲೊಂದು ಸುಲಿಯುವ ಯಂತ್ರ ಬಂದಿದೆ. ಅದಕ್ಕೆ ಬೇರೇನೂ ಬರುವುದಿಲ್ಲ. ಮರ ಹತ್ತಲಾರದು, ಲೆಕ್ಕ ಬರೆಯಲಾರದು. ಸುಲಿಯುವುದೊಂದನ್ನು ಮಾತ್ರ ಹತ್ತಾಳಿನಷ್ಟು ಮಾಡುತ್ತದೆ. ಮೇನ್‌ಫ್ರೇಮಿನ ಮುಖ್ಯ ಪ್ರೊಸೆಸರ್ ಅತಿ ದುಬಾರಿ ಕೂಲಿಯ ಆಳು. ಅದರ ಮೇಲೆ ಓಡುವ ಅನೇಕ ಸಾಫ್ಟ್‌ವೇರುಗಳ ಬಾಡಿಗೆಯನ್ನು ತಿಂಗಳಲ್ಲಿ ಪ್ರೊಸೆಸರ್ ಎಷ್ಟು ದುಡಿಯಿತು ಎನ್ನುವುದರ ಮೇಲೆ ಕಟ್ಟುತ್ತಾರೆ; ನಾಲ್ಕು ಗಂಟೆಗಳ ಸರಾಸರಿ ತೆಗೆದು, ತಿಂಗಳಲ್ಲಿ ಅದು ಮುಟ್ಟಿದ ತುದಿಯನ್ನು ಹಿಡಿದು ಬಿಲ್ಲು ಹಾಕುತ್ತಾರೆ. ಅಂಥ ಆಳನ್ನು ಸುಲಿಯಲು ಕೂರಿಸಿದರೆ ಮನೆ ದಿವಾಳಿ. ಹಾಗಾಗಿ ಮೂಲೆಯಲ್ಲೊಂದು ಯಂತ್ರ. ವೇಗದ ಮಾತನ್ನು ಎಲ್ಲರೂ ಆಡುತ್ತಾರೆ, ಆದರೆ ನಾನು ಕಂಡಂತೆ ನಿರ್ಧಾರ ಮಾಡಿಸುವುದು ಈ ಬಿಲ್ಲು.

ಆ ಸುಲಿಯುವ ಯಂತ್ರ ಹಂತ ಹಂತವಾಗಿ ಒಳಗೆ ಸರಿಯಿತು. ಮೊದಲು 1980ರ ದಶಕದಲ್ಲಿ ಟೇಪ್ ಡ್ರೈವಿನೊಳಗೆ. ಆಮೇಲೆ ಪ್ರೊಸೆಸರಿಗೇ ಒಂದು ವಿಶೇಷ ಸೂಚನೆಯಾಗಿ. ಅದಕ್ಕೆ ಪದಕೋಶವನ್ನು ನಾವೇ ತಯಾರಿಸಿ ಕೊಡಬೇಕಿತ್ತು. 2013ರಲ್ಲಿ ಬೇರೆಯೇ ಕಾರ್ಡಾಗಿ ಬಂತು. 2019ರ ಸೆಪ್ಟೆಂಬರಿನಲ್ಲಿ ಬಂದ ಜೆಡ್15 ಯಂತ್ರದಲ್ಲಿ ಡಿಫ್ಲೇಟ್ ಮಾಡುವ ಘಟಕವನ್ನು ಪ್ರೊಸೆಸರ್ ಚಿಪ್ಪಿನ ಮೇಲೇ ಕೆತ್ತಿದರು. ಅದರ ಎಂಜಿನಿಯರುಗಳು 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಇದರ ಅಣ್ಣನಾದ ಪವರ್9 ಚಿಪ್ಪಿನ ಘಟಕ ಆ ಚಿಪ್ಪಿನ ಜಾಗದಲ್ಲಿ ಶೇ 0.5ಕ್ಕಿಂತ ಕಡಿಮೆ ತಿನ್ನುತ್ತದೆ. ಆದರೆ ಒಂದು ಸಾಮಾನ್ಯ ಕೋರ್ ಸಾಫ್ಟ್‌ವೇರಿನಲ್ಲಿ ಮಾಡುವುದಕ್ಕಿಂತ 388 ಪಟ್ಟು ವೇಗವಾಗಿ ಒತ್ತುತ್ತದೆ. ಜೆಡ್15ರದ್ದು ಅದರ ಇಮ್ಮಡಿ. ಅಂಗಳದ ಇನ್ನೂರರಲ್ಲೊಂದು ಪಾಲು ಜಾಗದಲ್ಲಿ ಕೂತ ಯಂತ್ರ ಮುನ್ನೂರೆಂಬತ್ತೆಂಟು ಆಳಿನ ಕೆಲಸ ಮಾಡಿದಂತೆ.

ಇನ್ನು ಬೀಗ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಒತ್ತಿ ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಎನ್‌ಕ್ರಿಪ್ಶನ್ ಹೊಸದಾಗಿ ಹೇಳಬೇಕಿಲ್ಲ. ನೂರು ಜನರ ನಡುವೆಯೇ ಇಬ್ಬರಿಗೆ ಮಾತ್ರ ತಿಳಿಯುವಂತೆ ಮಾತಾಡುವ ವಿದ್ಯೆ. ಕಂಪ್ಯೂಟರಿನಲ್ಲಿ ಟವೆಲ್ ಇಲ್ಲ, ಗಣಿತವಿದೆ. ಐಬಿಎಂನಲ್ಲಿ ಹುಟ್ಟಿದ ಲೂಸಿಫರ್ ಎಂಬ ಬೀಗವನ್ನೇ ತಿದ್ದಿ 1977ರಲ್ಲಿ ಅಮೆರಿಕ ಸರ್ಕಾರ ಡಿಇಎಸ್ ಎಂಬ ಮಾನಕ ಮಾಡಿತು. ಅದರ ಕೀಲಿ 56 ಬಿಟ್ ಉದ್ದ. 1998ರಲ್ಲಿ ಅದನ್ನು ಒಡೆಯಲೆಂದೇ ಕಟ್ಟಿದ ಒಂದು ಯಂತ್ರ 56 ಗಂಟೆಗಳಲ್ಲಿ ಕೀಲಿ ಹುಡುಕಿತು. ಬಿಟ್ಟಿಗೊಂದು ಗಂಟೆ ಎಂದು ಗೇಲಿ ಮಾಡಬಹುದು. ಬೆಲ್ಜಿಯಂನ ಜೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ಬೀಗ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2001ರಲ್ಲಿ ಎಇಎಸ್ ಆಯಿತು. ಹದಿನಾರು ಬೈಟುಗಳನ್ನು ನಾಲ್ಕು ಸಾಲು ನಾಲ್ಕು ಕಂಬದ ಚೌಕದಲ್ಲಿ ಇಟ್ಟು, ಬದಲಿಸಿ, ಸಾಲು ಜರುಗಿಸಿ, ಕಂಬ ಕಲೆಸಿ, ಕೀಲಿ ಬೆರೆಸಿ, ಹೀಗೆ ಹದಿನಾಲ್ಕು ಸುತ್ತು. ಇದು 256 ಬಿಟ್ ಕೀಲಿಯ ಲೆಕ್ಕ. ಹೊರಬಂದದ್ದು ಗಾಳಿಗೆ ಚೆಲ್ಲಿದ ಹೊಟ್ಟಿನಂತೆ ಕಾಣುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಬೈಟುಗಳು.

ಮೇನ್‌ಫ್ರೇಮಿನಲ್ಲಿ ಬೀಗ ಹಾಕುವ ಕೆಲಸವೂ 2003ರಿಂದ ಪ್ರೊಸೆಸರಿನೊಳಗೇ ಸೇರಿದೆ. 2017ರ ಜುಲೈಯಲ್ಲಿ ಬಂದ ಜೆಡ್14ರ ಹೊತ್ತಿಗೆ ಆ ಘಟಕ ಎಷ್ಟು ಚುರುಕಾಯಿತೆಂದರೆ, ಯಾವುದಕ್ಕೆ ಬೀಗ, ಯಾವುದಕ್ಕೆ ಬೇಡ ಎಂದು ಆರಿಸುತ್ತಾ ಕೂರಬೇಡಿ, ಎಲ್ಲಕ್ಕೂ ಹಾಕಿ ಎಂದು ಐಬಿಎಂ ಹೇಳತೊಡಗಿತು.

ಗಿರಾಕಿಗಳು ಹಾಕಿದರು. ಹಾಕಿದ ಮೇಲೆ ಒಂದು ಫಜೀತಿ ಗೊತ್ತಾಯಿತು. ಅದೇ ಫಜೀತಿಯನ್ನು ನಾನು ಅದಕ್ಕೂ ಎಷ್ಟೋ ವರ್ಷ ಮೊದಲು ನನ್ನ ಕೈಯಾರೆ ಮಾಡಿಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದು. ರಾತ್ರಿ ಓಡುವ ಒಂದು ಜಾಬಿನಲ್ಲಿ ದಿನದ ಫೈಲನ್ನು ಒತ್ತಿ, ಬೀಗ ಹಾಕಿ, ಇನ್ನೊಂದು ಊರಿನ ಕೇಂದ್ರಕ್ಕೆ ಕಳಿಸಬೇಕಿತ್ತು. ಏನೋ ತಿದ್ದುವಾಗ ಎರಡು ಸ್ಟೆಪ್ಪುಗಳನ್ನು ಹಿಂದುಮುಂದು ಮಾಡಿದೆ. ಮೊದಲು ಬೀಗ, ಆಮೇಲೆ ಒತ್ತುವುದು. ಯಾವ ಎರರ್ರೂ ಬರಲಿಲ್ಲ; ಎಲ್ಲ ಸ್ಟೆಪ್ಪೂ ಸೊನ್ನೆ ಕೋಡಿನಲ್ಲಿ ಮುಗಿದವು. ಒಂದು ಗಂಟೆಯೊಳಗೆ ಹೋಗಬೇಕಾದ ಫೈಲು ಬೆಳಗಿನವರೆಗೂ ತೆವಳುತ್ತಲೇ ಇತ್ತು. ಬೆಳಿಗ್ಗೆ ಅತ್ತ ಕಡೆ ಕಚೇರಿ ತೆರೆದಾಗ ಲೆಕ್ಕ ಬಂದಿರಲಿಲ್ಲ. ಒತ್ತಿದ ಫೈಲಿನ ಅಳತೆ ನೋಡಿದರೆ ಮೂಲಕ್ಕಿಂತ ಒಂದು ಕೂದಲೆಳೆ ದೊಡ್ಡದು.

ಕಾರಣ ಇಷ್ಟರಲ್ಲಿ ನಿಮಗೆ ಹೊಳೆದಿರಬೇಕು. ಬೀಗ ಬಿದ್ದ ಮೇಲೆ ಮಾಹಿತಿಯಲ್ಲಿ ಸದರಿ ಅನ್ನಲು ಏನೂ ಉಳಿಯುವುದಿಲ್ಲ. ಇಪ್ಪತ್ತನಾಲ್ಕು ಸಲ ಬಂದ 64 ಈಗ ಇಪ್ಪತ್ತನಾಲ್ಕು ಬೇರೆ ಬೇರೆ ಸಂಖ್ಯೆ. ಪದೇ ಪದೇ ಬರುವ ಅಕ್ಷರ ಯಾವುದೂ ಇಲ್ಲ, ಎಲ್ಲವೂ ಸಮಸಮ ಅಪರೂಪ. ಕಂಡಕ್ಟರ್ ಯಾವ ಹೆಸರನ್ನು ಚಿಕ್ಕದು ಮಾಡಿ ಕೂಗಬೇಕು? ಅಡಿಕೆಯ ಹೋಲಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸುಲಿದು, ಬೇಯಿಸಿ, ಒಣಗಿಸಿ ಆಮೇಲೆ ಚೀಲದ ಬಾಯಿ ಹೊಲಿಯಬೇಕು. ಹಸಿ ಅಡಿಕೆಯನ್ನೇ ತುಂಬಿ ಹೊಲಿದು, ಅಂಗಳದಲ್ಲಿಟ್ಟು ಒಣಗಲಿ ಅಂದರೆ ಮಂಡಿಗೆ ಹೋಗುವ ಹೊತ್ತಿಗೆ ಬೂಷ್ಟು.

2017ರ ನಂತರ ದೊಡ್ಡ ಪ್ರಮಾಣದಲ್ಲಿ ಆದದ್ದೂ ಇದೇ. ಅದುವರೆಗೆ ಎಷ್ಟೋ ಕಡೆ ಒತ್ತುವ ಕೆಲಸ ಮೇನ್‌ಫ್ರೇಮಿನಿಂದ ಆಚೆ, ಡಿಸ್ಕ್ ಮತ್ತು ಟೇಪಿನ ಪೆಟ್ಟಿಗೆಗಳಲ್ಲಿ ನಡೆಯುತ್ತಿತ್ತು. ಈಗ ಪ್ರೊಸೆಸರಿನಲ್ಲೇ ಬೀಗ ಹಾಕಿ ಕಳಿಸಿದರೆ ಆ ಪೆಟ್ಟಿಗೆಗಳಿಗೆ ಸಿಗುವುದು ಹೊಟ್ಟು, ಅವು ಒತ್ತಲಾರವು. ಬೀಗ ಹಾಕಿದ ಪುಣ್ಯಕ್ಕೆ ಡಿಸ್ಕಿನ ಖರ್ಚು ಏರುತ್ತದೆ. ಎರಡು ವರ್ಷದ ಮೇಲೆ ಜೆಡ್15ರಲ್ಲಿ ಒತ್ತುವ ಘಟಕವೂ ಬೀಗದ ಪಕ್ಕಕ್ಕೇ, ಅದೇ ಚಿಪ್ಪಿಗೆ ಬಂದು ಕೂತಾಗ ನನಗಂತೂ ಆಶ್ಚರ್ಯವಾಗಲಿಲ್ಲ.

ಈ ಎರಡು ವಿದ್ಯೆಗಳ ನಂಟು ಇನ್ನೂ ಹಳೆಯದು. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಎಷ್ಟರ ಮಟ್ಟಿಗೆ ಒತ್ತಬಹುದು ಎಂದು ಲೆಕ್ಕ ಕಟ್ಟಿದರು. 1949ರಲ್ಲಿ ಗುಪ್ತಲಿಪಿಯ ಬಗ್ಗೆ ಬರೆದರು. ಯುದ್ಧಕಾಲದ ರಹಸ್ಯ ವರದಿಯಾಗಿದ್ದುದು ಆಗ ಬಯಲಾಯಿತು. ಭಾಷೆಯಲ್ಲಿನ ಪುನರಾವರ್ತನೆಯೇ ಬೀಗ ಒಡೆಯುವವನಿಗೆ ಸಿಗುವ ಸಂದು ಎಂಬುದು ಅದರಲ್ಲಿನ ಒಂದು ಮುಖ್ಯ ಮಾತು. ಪುನರಾವರ್ತನೆ ಮೊದಲೇ ತೆಗೆದರೆ ಕಳ್ಳನಿಗೆ ಹಿಡಿಯಲು ತುದಿ ಸಿಗುವುದಿಲ್ಲ. ಅಂದರೆ ಮೊದಲು ಒತ್ತುವುದರಲ್ಲಿ ಜಾಗದ ಲಾಭದ ಜೊತೆ ಗುಟ್ಟಿನ ಲಾಭವೂ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖಾಂತ. ಆದರೆ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದರು: "ಚೀಲದ ಬಾಯಿ ಹೊಲಿದರೇನಂತೆ, ತೂಕ ಕಾಣ್ತದಲ್ಲ?" ತಕ್ಕಡಿಯ ಮುಂದೆ ಮೂವತ್ತು ವರ್ಷ ಕೂತವರಿಗೆ ಮಾತ್ರ ಬರುವ ಪ್ರಶ್ನೆ. 2012ರಲ್ಲಿ ಜೂಲಿಯಾನೊ ರಿಝೊ ಮತ್ತು ಥಾಯ್ ಡುವಾಂಗ್ ಎಂಬ ಇಬ್ಬರು ಸಂಶೋಧಕರು ಇದೇ ಜಾಡು ಹಿಡಿದು, ವೆಬ್‌ಸೈಟುಗಳ ಬೀಗ ಒಡೆಯದೆಯೇ ಒಳಗಿನ ಗುಟ್ಟು ಓದುವ ದಾರಿ ತೋರಿಸಿದರು. ಉಪಾಯ ಹೀಗೆ. ಲೆಡ್ಜರಿನಲ್ಲಿ ಒಂದು ಗುಟ್ಟಿನ ಶಬ್ದ ಇದೆ ಅಂದುಕೊಳ್ಳಿ. ನಾನು ಗುಮಾಸ್ತರಿಂದ ಅದೇ ಪುಟದಲ್ಲಿ ನನ್ನದೊಂದು ಊಹೆಯನ್ನೂ ಬರೆಸುತ್ತೇನೆ. ಪುಟ ನನಗೆ ಕಾಣುವುದಿಲ್ಲ, ಎಷ್ಟು ಸಾಲಾಯಿತು ಎಂಬುದು ಮಾತ್ರ ಕಾಣುತ್ತದೆ. ಊಹೆ ತಪ್ಪಾದರೆ ಗುಮಾಸ್ತರು ಪೂರ್ತಿ ಬರೆಯುತ್ತಾರೆ. ಸರಿಯಾದರೆ 'ಸದರಿ' ಎಂದು ಬರೆದು ಮುಗಿಸುತ್ತಾರೆ, ಪುಟ ಚಿಕ್ಕದಾಗುತ್ತದೆ. ಒಂದೊಂದೇ ಅಕ್ಷರ ಊಹಿಸುತ್ತಾ ಹೋದರೆ ಗುಟ್ಟು ಪೂರ್ತಿ ಕೈಗೆ. ಅದಾದ ಮೇಲೆ ಬ್ರೌಸರುಗಳು ಆ ಹಂತದಲ್ಲಿ ಒತ್ತುವುದನ್ನೇ ಬಿಟ್ಟವು. ರಾತ್ರಿಯ ಬ್ಯಾಂಕ್ ಫೈಲಿನೊಳಗೆ ಹೊರಗಿನವನು ಸಾವಿರ ಸಲ ಊಹೆ ಬರೆಸಲಾರ, ಹಾಗಾಗಿ ಅಲ್ಲಿ ಈ ಭಯ ಕಡಿಮೆ. ಆದರೂ ಯಾರೋ ಬರೆದ ಮಾತು ಮತ್ತು ನನ್ನ ಗುಟ್ಟು ಒಂದೇ ಚೀಲದಲ್ಲಿ ಒತ್ತಿಕೊಳ್ಳಬಾರದು ಎಂಬ ಎಚ್ಚರ ಎಲ್ಲ ಕಡೆಗೂ ಸರಿ.

ಬೀಗ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಕೀಲಿ ಎಲ್ಲಿದೆ ಎನ್ನುವುದು ದೊಡ್ಡ ಪ್ರಶ್ನೆ. ದೊಡ್ಡಪ್ಪನ ಸಂಘದ ತಿಜೋರಿಗೆ ಎರಡು ಕೀಲಿ. ಒಂದು ಕಾರ್ಯದರ್ಶಿಯ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ಇಬ್ಬರೂ ಎದುರಿಗಿದ್ದರೆ ಮಾತ್ರ ಅಡವಿಟ್ಟ ಬಂಗಾರ ಹೊರಬರುತ್ತಿತ್ತು. ಮೇನ್‌ಫ್ರೇಮಿನಲ್ಲೂ ಅದೇ ಶಿಸ್ತು. ಎಲ್ಲ ಕೀಲಿಗಳಿಗೂ ಕೀಲಿಯಾದ ಮೂಲ ಕೀಲಿಯನ್ನು ತುಂಡು ಮಾಡಿ ಬೇರೆ ಬೇರೆ ಅಧಿಕಾರಿಗಳ ಕೈಗೆ ಕೊಟ್ಟಿರುತ್ತಾರೆ. ಅವರು ಒಬ್ಬೊಬ್ಬರಾಗಿ ಬಂದು ತಮ್ಮ ತುಂಡನ್ನು ಒಳಗೆ ಹಾಕುತ್ತಾರೆ. ಪೂರ್ತಿ ಕೀಲಿ ಕಂಡ ಮನುಷ್ಯ ಯಾರೂ ಇರುವುದಿಲ್ಲ. ಅದು ಕೂರುವುದು ಕ್ರಿಪ್ಟೊ ಎಕ್ಸ್‌ಪ್ರೆಸ್ ಎಂಬ ಕಾರ್ಡಿನಲ್ಲಿ. ಅದನ್ನು ಕೊರೆಯಲು ಹೋದರೆ, ಮಿತಿ ಮೀರಿ ಬಿಸಿ ಅಥವಾ ತಣ್ಣಗೆ ಮಾಡಿದರೆ, ವಿದ್ಯುತ್ತಿನಲ್ಲಿ ಆಟವಾಡಿದರೆ, ಕಾರ್ಡು ತನ್ನ ಕೀಲಿಗಳನ್ನು ತಾನೇ ಅಳಿಸಿಕೊಳ್ಳುತ್ತದೆ. ದಿನನಿತ್ಯದ ಕೀಲಿಗಳು ಸಹ ಬಿಡಿಬಿಡಿಯಾಗಿ ಮೆಮೊರಿಯಲ್ಲಿ ಓಡಾಡುವುದಿಲ್ಲ. ಇನ್ನೊಂದು ಕೀಲಿಯಲ್ಲಿ ಸುತ್ತಿಟ್ಟಿರುತ್ತವೆ, ಬಿಚ್ಚಿದ ರೂಪ ಆಪರೇಟಿಂಗ್ ಸಿಸ್ಟಮ್ಮಿನ ಕಣ್ಣಿಗೂ ಬೀಳುವುದಿಲ್ಲ. ನನ್ನಂಥ ನೌಕರ ಫೈಲನ್ನು ಇಲ್ಲಿಂದಲ್ಲಿಗೆ ಸಾಗಿಸಬಹುದು, ಬ್ಯಾಕಪ್ ತೆಗೆಯಬಹುದು, ಒಳಗೇನಿದೆ ಎಂದು ಓದಲಾರೆ. ಅಂಥ ನೌಕರನಾಗಿರುವುದು ಒಂದು ನೆಮ್ಮದಿ ಎಂದು ನನಗೆ ಅನಿಸಿದೆ. ಏನಾದರೂ ಸೋರಿದರೆ ಮೊದಲು ಬೆರಳು ಬರುವುದು ನಮ್ಮ ಕಡೆಗೇ ತಾನೆ.

ಇದೆಲ್ಲ ದೂರದೇಶದ ಮಾತು ಅಂದುಕೊಳ್ಳಬೇಡಿ. ನಮ್ಮ ದೇಶದ ಬಹುಪಾಲು ಬ್ಯಾಂಕುಗಳ ಲೆಕ್ಕ ಮೇನ್‌ಫ್ರೇಮಿನ ಬದಲು ಬೇರೆ ಜಾತಿಯ ಸರ್ವರುಗಳ ಮೇಲೆ ನಡೆಯುತ್ತದೆ, ನಿಜ. ಆದರೆ ಸಾಗರದ ಪೇಟೆಯಲ್ಲಿ ನೀವು ಎಟಿಎಂ ಮುಂದೆ ನಿಂತು ನಾಲ್ಕಂಕಿ ಒತ್ತುವಾಗ, ಆ ಅಂಕಿಗೆ ಬೀಗ ಬೀಳುವುದು ಕೀಲಿಮಣೆಯ ಒಳಗೇ. ಎಟಿಎಂನ ಕಂಪ್ಯೂಟರಿಗೂ ನಿಮ್ಮ ಪಿನ್ ತಿಳಿಯುವುದಿಲ್ಲ. ಬ್ಯಾಂಕಿನ ತುದಿಯಲ್ಲಿ ಅದನ್ನು ತಾಳೆ ನೋಡುವುದು ಈಗ ಹೇಳಿದ ಕಾರ್ಡಿನ ದಾಯಾದಿಯಾದ ಒಂದು ಪೆಟ್ಟಿಗೆ. ಅದು 'ಸರಿ' ಅಥವಾ 'ತಪ್ಪು' ಎಂದಷ್ಟೇ ಹೇಳುತ್ತದೆ, ಪಿನ್ ಹೊರಗೆ ಕೊಡುವುದಿಲ್ಲ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಪಿನ್ ಹೇಳಿ ಎಂದು ಫೋನು ಮಾಡುವವನು ಕಳ್ಳ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬ್ಯಾಂಕಿನವರಿಗೆ ಅದು ಬೇಕಾಗಿಯೇ ಇಲ್ಲ.

ಮುಂದೆ ಬರಲಿರುವ ಕ್ವಾಂಟಂ ಕಂಪ್ಯೂಟರುಗಳು ಇವತ್ತಿನ ಕೆಲವು ಬೀಗಗಳನ್ನು ಒಡೆಯಬಲ್ಲವು ಎಂಬ ಭಯದಿಂದ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಬೀಗಗಳನ್ನು ಪ್ರಕಟಿಸಿತು. 2022ರ ಜೆಡ್16, 2025ರ ಜೆಡ್17 ಯಂತ್ರಗಳು ಆ ದಿಕ್ಕಿನಲ್ಲೇ ಹೆಜ್ಜೆ ಇಟ್ಟಿವೆ. ಆ ವಿಷಯ ಇನ್ನೊಂದು ಅಂಕಣದಷ್ಟಿದೆ, ಈಗ ಬೇಡ.

ಕೊನೆಗೆ ನಮ್ಮ ಮೂರು ತಾಲ್ಲೂಕುಗಳ ಚಿಕ್ಕಪುಟ್ಟ ಸಂಘಗಳಿಗೆ, ಲೆಕ್ಕ ಬರೆಯುವವರಿಗೆ, ದೇವಸ್ಥಾನದ ಸಮಿತಿಗಳಿಗೆ ಒಂದು ಕೋರಿಕೆ. ಸದಸ್ಯರ ಹೆಸರು, ಆಧಾರ್ ನಂಬರು, ಖಾತೆ ಸಂಖ್ಯೆ, ಸಾಲದ ವಿವರ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಮೇಜಿನ ಡ್ರಾಯರಿನಲ್ಲಿಡುವ ರೂಢಿ ಅನೇಕ ಕಡೆ ಇದೆ. ಬಂಗಾರದ ತಿಜೋರಿಗೆ ಎರಡು ಕೀಲಿ, ಈ ಪೆನ್‌ಡ್ರೈವಿಗೆ ಒಂದೂ ಇಲ್ಲ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. 7-ಜಿಪ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, 7ಝಡ್ ರೂಪ ಆರಿಸಿ, ಪಾಸ್‌ವರ್ಡ್ ಕೊಟ್ಟು, ಫೈಲುಗಳ ಹೆಸರನ್ನೂ ಮರೆಮಾಡುವ ಆಯ್ಕೆಗೆ ಗುರುತು ಹಾಕಿದರೆ ಮುಗಿಯಿತು. ಬ್ಯಾಂಕುಗಳು ನಂಬುವ ಅದೇ 256 ಬಿಟ್ ಎಇಎಸ್ ಬೀಗ. ಮೊದಲು ಒತ್ತಿ ಆಮೇಲೆ ಬೀಗ ಹಾಕುವ ಕ್ರಮವನ್ನೂ ಅದೇ ನೋಡಿಕೊಳ್ಳುತ್ತದೆ, ನನ್ನ ಹಾಗೆ ಹಿಂದುಮುಂದು ಮಾಡುವುದಿಲ್ಲ. ಪಾಸ್‌ವರ್ಡ್ ಉದ್ದವಿರಲಿ, ಇಬ್ಬರಿಗೆ ಗೊತ್ತಿರಲಿ. ಚೀಟಿಯಲ್ಲಿ ಬರೆದು ಅದೇ ಪೆನ್‌ಡ್ರೈವಿಗೆ ದಾರ ಕಟ್ಟಿ ನೇತುಹಾಕಬೇಡಿ. ಹಾಗೆ ಮಾಡಿದವರನ್ನು ನಾನು ನೋಡಿದ್ದೇನೆ.